ಮಂಡ್ಯದ ಸಣ್ಣ ಕೈಗಾರಿಕೆಗಳಿಗೆ ಯಾವ ನೆರವು ಬೇಕೆಂಬುದನ್ನು ಅಂಕಿಅಂಶ ಮುಂದಿಟ್ಟು ಹೇಳುವುದು ಹೇಗೆ?

ಪ್ರಶ್ನೆ: ತೂಬಿನಕೆರೆ ಶೆಡ್

ನಮಸ್ಕಾರ. ಮಂಡ್ಯದ ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಘಟಕವಿದೆ. ಎರಡು ಸಿಎನ್‌ಸಿ ಲೇತು, ಒಂದು ಮಿಲ್ಲಿಂಗ್ ಯಂತ್ರ, ನನ್ನನ್ನೂ ಸೇರಿಸಿ ಹನ್ನೆರಡು ಜನ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಾರ್ಖಾನೆಗಳು ಕಳುಹಿಸುವ ಕಬ್ಬಿಣದ ತುಂಡುಗಳನ್ನು ಅಳತೆಗೆ ಕೊರೆದು ವಾಪಸು ಕೊಡುವ ಜಾಬ್‌ವರ್ಕ್ ನಮ್ಮ ಕಸುಬು.

ಮುಂದಿನ ತಿಂಗಳು ಜಿಲ್ಲಾ ಮಟ್ಟದ ಸಭೆಯೊಂದಕ್ಕೆ ನಮ್ಮ ಸಂಘ ಲಿಖಿತ ಅಭಿಪ್ರಾಯ ಕೊಡಬೇಕಾಗಿದೆ. ಬಂಡವಾಳ ಸಬ್ಸಿಡಿ, ವಹಿವಾಟಿನ ಮೇಲಿನ ಪ್ರೋತ್ಸಾಹಧನ, ವಿದ್ಯುತ್ ತೆರಿಗೆಯ ವಿನಾಯಿತಿ, ಕೆಲಸಗಾರರ ತರಬೇತಿ, ಇವುಗಳಲ್ಲಿ ಯಾವುದರಿಂದ ನಿಜವಾಗಿ ಉತ್ಪಾದನೆಯೂ ಉದ್ಯೋಗವೂ ಹೆಚ್ಚುತ್ತದೆ ಎಂಬುದು ಪ್ರಶ್ನೆ. ಸಂಘದ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಶೆಡ್ಡಿನ ಕತೆ ಹೇಳಿದರು. ಒಬ್ಬರು, ಸಬ್ಸಿಡಿ ಬಂದುದರಿಂದಲೇ ಎರಡನೆಯ ಯಂತ್ರ ಹಾಕಲು ಧೈರ್ಯ ಬಂತು ಎಂದರು. ಇನ್ನೊಬ್ಬರು, ಆರ್ಡರು ಕೈಯಲ್ಲಿದ್ದುದರಿಂದ ಸಬ್ಸಿಡಿ ಬರದಿದ್ದರೂ ಯಂತ್ರ ಹಾಕಿಯೇ ಹಾಕುತ್ತಿದ್ದೆ ಎಂದರು. ಆ ಇನ್ನೊಬ್ಬ ನಾನೇ. ನಾನು ಹಾಗೆಂದ ಮೇಲೆ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ನನ್ನ ಮುಖ ನೋಡಲಿಲ್ಲ.

ರಾಜ್ಯದ 2025–30ರ ಕೈಗಾರಿಕಾ ನೀತಿ 7.5 ಲಕ್ಷ ಕೋಟಿ ರೂಪಾಯಿ ಹೂಡಿಕೆ, 20 ಲಕ್ಷ ಉದ್ಯೋಗ ಎಂಬ ಗುರಿಯನ್ನು ಇಟ್ಟುಕೊಂಡಿದೆ. ಅಷ್ಟು ದೊಡ್ಡ ಮೊತ್ತದಲ್ಲಿ ನಮ್ಮಂಥವರ ಪಾಲು ಎಷ್ಟು, ಹಿಂದಿನ ನೀತಿಗಳಿಂದ ನಮ್ಮ ಜಿಲ್ಲೆಯಲ್ಲಿ ಏನು ಬದಲಾಯಿತು ಎಂಬುದನ್ನು ತಿಳಿಯಲು ಯಾವ ಅಂಕಿಅಂಶ ನೋಡಬೇಕು? ನೋಡಿದ ಮೇಲೆ, ಇದು ನೆರವಿನಿಂದಲೇ ಆದದ್ದು ಎಂದು ಹೇಳುವುದು ಹೇಗೆ? ನಾನು ಡಿಪ್ಲೊಮಾ ಓದಿದವನು, ಅರ್ಥಶಾಸ್ತ್ರದ ಪರಿಭಾಷೆ ತಿಳಿಯದು. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಸಾಂಖ್ಯಿಕ ನೌಕರ, ಕುವೆಂಪುನಗರ

ತೂಬಿನಕೆರೆಯವರೇ, ನಿಮ್ಮ ಸಭೆಯಲ್ಲಿ ಮೌನ ಹುಟ್ಟಿಸಿದ ಆ ಒಂದು ಮಾತೇ ಈ ವಿಷಯದ ಹೂರಣ. ಅದಕ್ಕೆ ಬರುವ ಮೊದಲು, ಯಾವ ಅಂಕಿಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಸೇವೆಯಲ್ಲಿದ್ದಷ್ಟು ಕಾಲವೂ ನಾನು ಮಾಡಿದ್ದು ಅದೊಂದೇ ಕೆಲಸ.

ಕೈಗಾರಿಕೆಯ ನಿರ್ಧಾರಕ್ಕೆ ಮೊದಲು ಲೆಕ್ಕ ಕೂಡಿಸಬೇಕೆಂಬ ಆಲೋಚನೆ ನಮ್ಮ ಭಾಗಕ್ಕೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1911ರಲ್ಲೇ ಆರ್ಥಿಕ ಸಮ್ಮೇಳನ ಆರಂಭವಾಯಿತು. ಆಗ ಮುಖ್ಯ ಎಂಜಿನಿಯರ್ ಆಗಿದ್ದು ಮರುವರ್ಷ ದಿವಾನರಾದ ವಿಶ್ವೇಶ್ವರಯ್ಯನವರು ಅದರ ಬೆನ್ನಿಗಿದ್ದರು. ಶಿಕ್ಷಣಕ್ಕೊಂದು, ಕೃಷಿಗೊಂದು, ಕೈಗಾರಿಕೆ ಮತ್ತು ವಾಣಿಜ್ಯಕ್ಕೊಂದು ಎಂದು ಸಮಿತಿಗಳನ್ನು ಮಾಡಿ ಮಾಹಿತಿ ಸಂಗ್ರಹಿಸುತ್ತಿದ್ದರು. ಮಂಡ್ಯ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ. ಮೈಸೂರಿನಿಂದ ಬೇರೆಯಾದದ್ದು 1939ರಲ್ಲಿ. ಕನ್ನಂಬಾಡಿ ಕಟ್ಟೆಯ ನಾಲೆ ಬಂದ ಮೇಲೆ ಎಷ್ಟು ಎಕರೆಗೆ ನೀರು, ಎಷ್ಟು ಕಬ್ಬು ಎಂಬ ಲೆಕ್ಕವಿಲ್ಲದೆ 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸಂಸ್ಥೆಯನ್ನು ಕಟ್ಟಲು ಯಾರೂ ಮುಂದಾಗುತ್ತಿರಲಿಲ್ಲ.

ಈಗಿನ ಮಾತಿಗೆ ಬರೋಣ. ಪತ್ರಿಕೆಯಲ್ಲಿ ನೀವು ನೋಡುವ ಹೂಡಿಕೆಯ ಅಂಕಿಗಳಲ್ಲಿ ಬಹುಪಾಲು ಉದ್ದೇಶದ ಅಂಕಿಗಳು. 15 ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿ ಒಪ್ಪಿಗೆ ಕೊಡುತ್ತದೆ, ಅದಕ್ಕೆ ಮೇಲ್ಪಟ್ಟವು ರಾಜ್ಯ ಮಟ್ಟದ ಸಮಿತಿಗಳಿಗೆ ಹೋಗುತ್ತವೆ. ಇಷ್ಟು ಹಣ ಹೂಡುತ್ತೇನೆ, ಇಷ್ಟು ಜನರಿಗೆ ಕೆಲಸ ಕೊಡುತ್ತೇನೆ ಎಂದು ಉದ್ಯಮಿ ಅರ್ಜಿಯಲ್ಲಿ ಬರೆದದ್ದೇ ಅಲ್ಲಿ ಅಂಕಿಯಾಗುತ್ತದೆ. ಮದುವೆಯ ಕರೆಯೋಲೆ ಎಣಿಸಿ ಊಟಕ್ಕೆ ಕೂತವರ ಲೆಕ್ಕ ಹೇಳಿದಂತೆ ಅದು. ಒಪ್ಪಿಗೆ ಸಿಕ್ಕ ಎರಡು ವರ್ಷದ ನಂತರ ಆ ನಿವೇಶನದಲ್ಲಿ ಶೆಡ್ ಎದ್ದಿತೇ, ಮೀಟರ್ ತಿರುಗುತ್ತಿದೆಯೇ ಎಂಬ ಪ್ರಶ್ನೆಯನ್ನು ಅದೇ ಕಡತದಲ್ಲಿ ಮತ್ತೊಮ್ಮೆ ಕೇಳುವ ಪದ್ಧತಿ ಇರಬೇಕು.

ನಿಜವಾಗಿ ನಡೆದ ಉತ್ಪಾದನೆಗೆ ಇರುವ ಮುಖ್ಯ ಆಧಾರ ವಾರ್ಷಿಕ ಕೈಗಾರಿಕಾ ಸಮೀಕ್ಷೆ. 2008ರ ಅಂಕಿಅಂಶ ಸಂಗ್ರಹಣಾ ಕಾಯಿದೆಯ ಅಡಿಯಲ್ಲಿ ಅದು ನಡೆಯುತ್ತದೆ. ವಿದ್ಯುತ್ ಬಳಸಿ 10 ಅಥವಾ ಹೆಚ್ಚು ಕೆಲಸಗಾರರಿರುವ, ವಿದ್ಯುತ್ ಇಲ್ಲದೆ 20 ಅಥವಾ ಹೆಚ್ಚು ಕೆಲಸಗಾರರಿರುವ ನೋಂದಾಯಿತ ಕಾರ್ಖಾನೆಗಳು ಅದರ ವ್ಯಾಪ್ತಿಗೆ ಬರುತ್ತವೆ. ನಮ್ಮ ರಾಜ್ಯದಲ್ಲಿ 100 ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳನ್ನು ಪ್ರತಿವರ್ಷ ಒಂದೂ ಬಿಡದೆ ಕೇಳುತ್ತಾರೆ, ಉಳಿದವುಗಳಲ್ಲಿ ಮಾದರಿ ಆರಿಸುತ್ತಾರೆ. ಪ್ರಕಟವಾಗುವ ಅಂದಾಜುಗಳು ರಾಜ್ಯ ಮಟ್ಟದವು, ಅದೂ ವರ್ಷಕ್ಕಿಂತ ಹೆಚ್ಚು ತಡವಾಗಿ ಕೈಗೆ ಸಿಗುತ್ತವೆ. ಆದ್ದರಿಂದ ಅದನ್ನು ಹಿಡಿದು ತೂಬಿನಕೆರೆಯಲ್ಲಿ ಹೋದ ವರ್ಷ ಏನಾಯಿತು ಎಂದು ಹೇಳಲು ಬರುವುದಿಲ್ಲ. ಹತ್ತು ಜನಕ್ಕಿಂತ ಕಡಿಮೆ ಇರುವ ಶೆಡ್ಡುಗಳಿಗೆ ಅಸಂಘಟಿತ ವಲಯದ ಪ್ರತ್ಯೇಕ ಸಮೀಕ್ಷೆಯಿದೆ.

ಉದ್ಯಮ್ ನೋಂದಣಿಯ, ಅಂದರೆ ಸಣ್ಣಪುಟ್ಟ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡುವ ನೋಂದಣಿಯ, ಸಂಖ್ಯೆ ನೋಡಿ ಸಂಭ್ರಮಿಸುವವರಿಗೆ ಒಂದು ಎಚ್ಚರಿಕೆ. 2020ರ ಜುಲೈ 1ರಿಂದ ನಡೆಯುತ್ತಿರುವ ಈ ನೋಂದಣಿ ಸ್ವಯಂಘೋಷಣೆಯದು. ಘಟಕ ಮುಚ್ಚಿದವರು ನೆನಪಿಟ್ಟುಕೊಂಡು ಹೋಗಿ ರದ್ದು ಮಾಡಿಸುವುದು ಅಪರೂಪ. ಅದಕ್ಕಿಂತ ದೊಡ್ಡ ತೊಡಕು ವ್ಯಾಖ್ಯೆಯದು. 2025ರ ಏಪ್ರಿಲ್ 1ರಿಂದ ಅತಿಸಣ್ಣ ಘಟಕದ ಮಿತಿ 1 ಕೋಟಿ ಹೂಡಿಕೆ, 5 ಕೋಟಿ ವಹಿವಾಟಿನಿಂದ 2.5 ಕೋಟಿ ಹೂಡಿಕೆ, 10 ಕೋಟಿ ವಹಿವಾಟಿಗೆ ಏರಿತು. ಮಾರ್ಚ್ 31ರ ರಾತ್ರಿ ಸಣ್ಣ ಘಟಕವಾಗಿದ್ದದ್ದು, ಒಂದು ಬೋಲ್ಟನ್ನೂ ಬಿಗಿಯದೆ, ಬೆಳಗಾಗುವಷ್ಟರಲ್ಲಿ ಅತಿಸಣ್ಣದಾಯಿತು. 2024ರ ಪಟ್ಟಿಯನ್ನೂ 2026ರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಅತಿಸಣ್ಣ ಕೈಗಾರಿಕೆಗಳು ಬೆಳೆದವು ಎಂದು ಬರೆಯುವವರು ಮಿತಿಯ ಬದಲಾವಣೆಯನ್ನೇ ಬೆಳವಣಿಗೆ ಎಂದು ಓದುತ್ತಾರೆ.

ಜಿಎಸ್‌ಟಿಯ ಅಂಕಿ ತಿಂಗಳು ತಿಂಗಳು ಬರುತ್ತದೆ, ಆದರೆ ಅದಕ್ಕೆ ಸ್ಥಳಜ್ಞಾನ ಕಡಿಮೆ. ಒಂದು ಕಂಪನಿಗೆ ರಾಜ್ಯವಿಡೀ ಸಾಮಾನ್ಯವಾಗಿ ಒಂದೇ ನೋಂದಣಿ. ಕಚೇರಿ ಬೆಂಗಳೂರಿನಲ್ಲಿ, ಕಾರ್ಖಾನೆ ನಂಜನಗೂಡಿನಲ್ಲಿ ಎಂದಾದರೆ ಅದರ ಮುಖ್ಯ ವ್ಯವಹಾರ ಸ್ಥಳ ಬೆಂಗಳೂರೇ ಆಗಿರುತ್ತದೆ.

ಇವೆಲ್ಲಕ್ಕಿಂತ ನಿಮಗೆ ಹತ್ತಿರದ ಅಂಕಿ ಯಾವುದು ಗೊತ್ತೇ? ನಿಮ್ಮ ಶೆಡ್ಡಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುವ ಆರ್‌ಆರ್ ನಂಬರು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಡತದಲ್ಲಿ ಆ ನಂಬರಿನ ಎದುರು ಪ್ರತಿ ತಿಂಗಳ ಯೂನಿಟ್ ಇದೆ, ಮಂಜೂರಾದ ಲೋಡ್ ಇದೆ, ಅದು ಎಲ್‌ಟಿ–5 (ಕಡಿಮೆ ಒತ್ತಡದ) ಕೈಗಾರಿಕಾ ಸಂಪರ್ಕವೋ ಎಚ್‌ಟಿ–2ಎ (ಹೆಚ್ಚು ಒತ್ತಡದ) ಸಂಪರ್ಕವೋ ಎಂಬುದೂ ಇದೆ. ಲೇತು ತಿರುಗಿದರೆ ಯೂನಿಟ್ ಏರುತ್ತದೆ, ನಿಂತರೆ ಇಳಿಯುತ್ತದೆ. ಮೇಲ್ಛಾವಣಿಗೆ ಸೌರಫಲಕ ಹಾಕಿಸಿದವರಲ್ಲಿ ಮಾತ್ರ ಉತ್ಪಾದನೆ ಹೆಚ್ಚಿದರೂ ಮೀಟರ್ ಇಳಿದಿರುತ್ತದೆ, ಅವರನ್ನು ಬೇರೆ ಪಟ್ಟಿಯಲ್ಲಿಡಬೇಕು.

ಅಂಕಿ ಇಲ್ಲವೆಂದು ದೂರುವವರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಿವೇಶನದ ಸಂಖ್ಯೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಲ್ಲಿ (ಕೆಐಎಡಿಬಿ), ಸಬ್ಸಿಡಿಯ ಕಡತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ, ಆರ್‌ಆರ್ ನಂಬರು ವಿದ್ಯುತ್ ನಿಗಮದಲ್ಲಿ, ಪಿಎಫ್ ಸಂಕೇತ ಇನ್ನೊಂದು ಕಡೆ, ಜಿಎಸ್‌ಟಿ ಸಂಖ್ಯೆ ಮತ್ತೊಂದು ಕಡೆ. ಒಂದೇ ಶೆಡ್ಡು ಐದು ಕಪಾಟಿನಲ್ಲಿ ಐದು ಹೆಸರಿನಲ್ಲಿ ಕೂತಿದೆ. ಈ ಐದನ್ನೂ ಒಂದು ಸಾಲಿಗೆ ತರುವ ಕೆಲಸ ಮೊದಲು ಆಗಬೇಕು, ವಿಶ್ಲೇಷಣೆ ಆಮೇಲೆ. ನಿಮ್ಮ ಸಂಘದ ಸದಸ್ಯರು ಒಪ್ಪಿದರೆ ನಿಮ್ಮ ಮಟ್ಟಿಗೆ ಅದನ್ನು ನೀವೇ ಮಾಡಬಹುದು.

ಉತ್ತರ 2: ನಂಜನಗೂಡು ಲೆಕ್ಕಪತ್ರ

ಹಿರಿಯರ ಮಾತಿಗೆ ಒಂದೆರಡು ಅನುಭವ ಸೇರಿಸುತ್ತೇನೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ವಾರ್ಷಿಕ ಸಮೀಕ್ಷೆಯ ನಮೂನೆ ಬಂದಾಗ ಅದನ್ನು ತುಂಬುವ ಹೊಣೆ ನನ್ನ ಮೇಲೆ ಬಿತ್ತು. ಸ್ಥಿರಾಸ್ತಿ, ಇಂಧನ, ಕಚ್ಚಾಮಾಲು, ದಿನಗೂಲಿ ಮಾನವದಿನಗಳು ಎಂದು ಒಂದೊಂದೇ ಭಾಗ. ಆಡಿಟ್ ಆದ ಲೆಕ್ಕದಿಂದ ಸಿಗುವ ಭಾಗವನ್ನು ಅಚ್ಚುಕಟ್ಟಾಗಿ ತುಂಬಿದೆ. ಮಾನವದಿನಗಳ ಭಾಗಕ್ಕೆ ಬಂದಾಗ ಹಾಜರಿ ಪುಸ್ತಕ ಗುತ್ತಿಗೆದಾರನ ಬಳಿ ಇತ್ತು, ಅವನು ಫೋನ್ ಎತ್ತಲಿಲ್ಲ. ಹಿಂದಿನ ವರ್ಷದ ಪ್ರತಿ ತೆಗೆದು ಅದರ ಅಂಕಿಗೆ ಸ್ವಲ್ಪ ಸೇರಿಸಿ ಬರೆದುಬಿಟ್ಟೆ. ಇಂದು ಅದನ್ನು ನೆನೆದರೆ ನಾಚಿಕೆಯಾಗುತ್ತದೆ, ಏಕೆಂದರೆ ನೀತಿ ಮಾಡುವವರು ಓದುವುದು ಅದೇ ಅಂಕಣವನ್ನು.

ಪಿಎಫ್ ಅಂಕಿಯಲ್ಲಿಯೂ ಇದೇ ಗುತ್ತಿಗೆಯ ತೊಡಕಿದೆ. 20 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಪಿಎಫ್ ಕಡ್ಡಾಯ, ಇಎಸ್‌ಐಗೆ ಮಿತಿ 10 ಜನ. ಆದರೆ ನಂಜನಗೂಡಿನ ಶಾಪ್‌ಫ್ಲೋರಿನಲ್ಲಿ ನಿಂತಿರುವ ಹುಡುಗ ಬೆಂಗಳೂರಿನ ಗುತ್ತಿಗೆದಾರನ ಪಿಎಫ್ ಸಂಕೇತದಲ್ಲಿದ್ದರೆ ಅವನ ಉದ್ಯೋಗ ಬೆಂಗಳೂರಿನಲ್ಲಿ ಸೃಷ್ಟಿಯಾದಂತೆ ಕಾಣುತ್ತದೆ. ಉದ್ಯೋಗ ಎಣಿಸಲು ಹೊರಟವರು ಗೇಟಿನ ಒಳಗೆ ಎಷ್ಟು ಜನ ಎಂದು ಕೇಳಬೇಕೇ ಹೊರತು ಕಂಪನಿಯ ಪಟ್ಟಿಯಲ್ಲಿ ಎಷ್ಟು ಜನ ಎಂದು ಕೇಳಬಾರದು.

ಉತ್ತರ 3: ಮಾನಸಗಂಗೋತ್ರಿ ಸಂಶೋಧನಾರ್ಥಿ

ತೂಬಿನಕೆರೆಯವರ ಎರಡನೆಯ ಪ್ರಶ್ನೆಗೆ, ಅಂದರೆ ನೆರವಿನಿಂದಲೇ ಆದದ್ದು ಎಂದು ಹೇಳುವುದು ಹೇಗೆ ಎಂಬುದಕ್ಕೆ, ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಸಬ್ಸಿಡಿ ಪಡೆದ ಘಟಕದಲ್ಲಿ ಮೊದಲು ಎಂಟು ಜನರಿದ್ದು ಈಗ ಹನ್ನೆರಡು ಜನರಿದ್ದರೆ, ನಾಲ್ಕು ಉದ್ಯೋಗ ಸಬ್ಸಿಡಿಯಿಂದ ಬಂದವು ಎನ್ನುವುದು ವರದಿಗಳ ಸಾಮಾನ್ಯ ರೂಢಿ. ಆದರೆ ಅದೇ ಅವಧಿಯಲ್ಲಿ ಸಬ್ಸಿಡಿ ಪಡೆಯದ ಪಕ್ಕದ ಶೆಡ್ಡಿನಲ್ಲಿಯೂ ಎಂಟು ಜನ ಹನ್ನೊಂದಾಗಿದ್ದರೆ, ಮೂರು ಉದ್ಯೋಗ ಮೈಸೂರಿನಿಂದ ಬಂದ ಆರ್ಡರುಗಳ ಫಲ. ನೆರವಿನ ಲೆಕ್ಕಕ್ಕೆ ಉಳಿಯುವುದು ಒಂದೇ. ಎರಡು ಗುಂಪುಗಳಲ್ಲಿ ಮೊದಲು ಮತ್ತು ನಂತರದ ನಡುವಿನ ವ್ಯತ್ಯಾಸ ಕಂಡುಕೊಂಡು, ಆ ಎರಡು ವ್ಯತ್ಯಾಸಗಳ ನಡುವಿನ ವ್ಯತ್ಯಾಸ ತೆಗೆಯುವ ಈ ವಿಧಾನಕ್ಕೆ ಕಂಪ್ಯೂಟರ್ ಬೇಡ, ಕೂಡಿಸಿ ಕಳೆಯಲು ಬಂದರೆ ಸಾಕು. ಕಷ್ಟವಿರುವುದು ಪಕ್ಕದ ಶೆಡ್ ಯಾವುದೆಂದು ಆರಿಸುವುದರಲ್ಲಿ. ಸಬ್ಸಿಡಿಗೆ ಅರ್ಜಿ ಹಾಕುವವರು ಮೊದಲೇ ಚುರುಕಿನವರು, ಆಡಿಟರ್ ಇಟ್ಟುಕೊಂಡವರು, ಬ್ಯಾಂಕಿನಲ್ಲಿ ಪರಿಚಯವಿರುವವರು. ಅವರನ್ನು ಅರ್ಜಿಯನ್ನೇ ಹಾಕದವರೊಡನೆ ಹೋಲಿಸಿದರೆ ನೆರವಿನ ಫಲ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದೇ ವರ್ಷ ಅರ್ಜಿ ಹಾಕಿ, ಕೆಲವರಿಗೆ ಆಗಲೇ ಹಣ ಬಂದು ಕೆಲವರು ಇನ್ನೂ ಕಾಯುತ್ತಿದ್ದರೆ, ಆ ಎರಡು ಗುಂಪುಗಳ ಹೋಲಿಕೆ ಹೆಚ್ಚು ನ್ಯಾಯವಾದದ್ದು. ಸಬ್ಸಿಡಿ ತಡವಾಗುವುದರಿಂದ ಸಂಶೋಧಕರಿಗೆ ಮಾತ್ರ ಹೀಗೊಂದು ಲಾಭವಿದೆ ಎಂದು ನಮ್ಮ ವಿಭಾಗದಲ್ಲಿ ತಮಾಷೆ ಮಾಡುವುದುಂಟು.

ಹೊರಗಿನ ಎರಡು ಉದಾಹರಣೆಗಳು. ಕೇಂದ್ರ ಸರ್ಕಾರ 2003ರಲ್ಲಿ ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡಕ್ಕೆ (ಆಗಿನ ಉತ್ತರಾಂಚಲ) ಅಬಕಾರಿ ಸುಂಕ, ಆದಾಯ ತೆರಿಗೆಗಳಲ್ಲಿ ದೊಡ್ಡ ವಿನಾಯಿತಿ ಕೊಟ್ಟಿತು. ವಾರ್ಷಿಕ ಕೈಗಾರಿಕಾ ಸಮೀಕ್ಷೆಯ ಅಂಕಿಗಳನ್ನೇ ಬಳಸಿ ನೆರೆಯ ಪ್ರದೇಶಗಳೊಡನೆ ಮಾಡಿದ ಹೋಲಿಕೆಯಲ್ಲಿ ಉದ್ಯೋಗ, ಉತ್ಪಾದನೆ, ಕಾರ್ಖಾನೆಗಳ ಸಂಖ್ಯೆ ಮೂರೂ ಏರಿದ್ದು ಕಂಡುಬಂತು. ಪಕ್ಕದ ರಾಜ್ಯಗಳಿಂದ ಕಾರ್ಖಾನೆಗಳು ಸುಮ್ಮನೆ ಎದ್ದು ಬಂದವೇ ಎಂಬ ಪ್ರಶ್ನೆಯನ್ನೂ ಅದೇ ಅಧ್ಯಯನ ಪರೀಕ್ಷಿಸಿ, ಹಾಗೆ ಆದ ಪುರಾವೆ ಸಿಗಲಿಲ್ಲ ಎಂದಿತು. ಇನ್ನೊಂದು ಬ್ರಿಟನ್ನಿನದು. ಹಿಂದುಳಿದ ಪ್ರದೇಶಗಳ ಕೈಗಾರಿಕೆಗಳಿಗೆ ಅಲ್ಲಿ ಕೊಡುತ್ತಿದ್ದ ನೆರವಿಗೆ ಯಾವ ಪ್ರದೇಶ ಅರ್ಹ ಎಂಬ ನಕ್ಷೆ ಯುರೋಪಿನ ನಿಯಮಗಳಿಂದಾಗಿ ಆಗಾಗ ಬದಲಾಗುತ್ತಿತ್ತು. ಆ ಬದಲಾವಣೆಯನ್ನೇ ಅಳತೆಗೋಲು ಮಾಡಿಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನೆರವಿನಿಂದ ಸಣ್ಣ ಸಂಸ್ಥೆಗಳಲ್ಲಿ ಉದ್ಯೋಗ ಹೆಚ್ಚಿತು, ದೊಡ್ಡ ಸಂಸ್ಥೆಗಳಲ್ಲಿ ಅಂಥ ಫಲ ಕಾಣಲಿಲ್ಲ. ನಿಮ್ಮ ಸಂಘದ ವಾದಕ್ಕೆ ಇದು ಹತ್ತಿರದ ಸಂಗತಿ, ಆದರೆ ಬ್ರಿಟನ್ನಿನಲ್ಲಿ ಆದದ್ದು ತೂಬಿನಕೆರೆಯಲ್ಲೂ ಆಗಿಯೇ ಆಗುತ್ತದೆಂದು ಬರೆಯಬೇಡಿ.

ನಮ್ಮಲ್ಲಿಯೂ ಇಂಥ ಅಳತೆಗೋಲಿದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳಿಂದ ಒಂದು ಸೂಚ್ಯಂಕ ಮಾಡಿ, ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತು. ರಾಜ್ಯದ ಸರಾಸರಿ 1 ಎಂದಿಟ್ಟುಕೊಂಡರೆ 0.89ರಿಂದ 0.99ರವರೆಗಿನವು ಹಿಂದುಳಿದವು, 0.80ರಿಂದ 0.88 ಅತಿ ಹಿಂದುಳಿದವು, ಅದಕ್ಕೂ ಕೆಳಗಿನವು ಅತ್ಯಂತ ಹಿಂದುಳಿದವು. ಕೈಗಾರಿಕಾ ನೀತಿಗಳಲ್ಲಿ ವಲಯ ವಿಂಗಡಿಸುವಾಗ ಈ ಪಟ್ಟಿಯನ್ನು ಆಧಾರವಾಗಿ ಬಳಸುತ್ತ ಬಂದಿದ್ದಾರೆ. 0.98 ಇರುವ ತಾಲ್ಲೂಕಿಗೂ 1.01 ಇರುವ ತಾಲ್ಲೂಕಿಗೂ ವಾಸ್ತವದಲ್ಲಿ ಹೆಚ್ಚಿನ ಅಂತರವಿಲ್ಲ, ಆದರೆ ಒಂದಕ್ಕೆ ಹೆಚ್ಚು ನೆರವು, ಇನ್ನೊಂದಕ್ಕೆ ಕಡಿಮೆ. ಗೆರೆಯ ಆಚೀಚೆ ನಿಂತ ಇಂಥ ತಾಲ್ಲೂಕುಗಳನ್ನು ಹೋಲಿಸಿ, ವಿದ್ಯುತ್ ಬಳಕೆ ಹೇಗೆ ಬೇರೆಯಾಯಿತು ಎಂದು ನೋಡಿದರೆ ನೆರವಿನ ಫಲ ಬಹುಮಟ್ಟಿಗೆ ಹೊರಬೀಳುತ್ತದೆ. ಪಟ್ಟಿ ಮಾತ್ರ ಹಳೆಯದಾಗಿದೆ. ನಮ್ಮ ಮೈಸೂರು ಜಿಲ್ಲೆಯ ಸರಗೂರು, ಸಾಲಿಗ್ರಾಮ ತಾಲ್ಲೂಕುಗಳು ಆಗ ಹುಟ್ಟಿಯೇ ಇರಲಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲೆಂದು ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ 2024ರಲ್ಲಿ ಸಮಿತಿ ರಚನೆಯಾದದ್ದು ಈ ಕಾರಣಕ್ಕೇ.

ತೂಬಿನಕೆರೆ ಶೆಡ್

ಎಲ್ಲರಿಗೂ ಧನ್ಯವಾದ. ಮಾನಸಗಂಗೋತ್ರಿಯ ಮೇಡಂ ಹೇಳಿದ ಕೂಡಿಸಿ ಕಳೆಯುವ ವಿಧಾನ ಅರ್ಥವಾಯಿತು. ಒಂದು ಸಂದೇಹ ಉಳಿದಿದೆ. 2020–25ರ ನೀತಿಯಲ್ಲಿ ವಹಿವಾಟನ್ನು ಆಧರಿಸಿದ ಪ್ರೋತ್ಸಾಹಧನ ಬಂತು. ನಮ್ಮ ಸಂಘದ ವ್ಯಾಪಾರಿ ಸ್ವಭಾವದ ಸದಸ್ಯರಿಗೆ ಅದು ಹಿಡಿಸಿತು, ಜಾಬ್‌ವರ್ಕಿನವರಿಗೆ ಹಿಡಿಸಲಿಲ್ಲ. ನಮ್ಮದು ಬರೀ ಅಸೂಯೆಯೋ, ಇದರಲ್ಲಿ ಲೆಕ್ಕದ ತಕರಾರೂ ಇದೆಯೋ?

ನಿವೃತ್ತ ಸಾಂಖ್ಯಿಕ ನೌಕರ, ಕುವೆಂಪುನಗರ

ಲೆಕ್ಕದ ತಕರಾರು ಇದೆ, ಗಟ್ಟಿಯಾಗಿಯೇ ಇದೆ. ಒಂದು ಕಲ್ಪಿತ ಉದಾಹರಣೆ ನೋಡಿ. ಮೊದಲನೆಯ ಘಟಕ 9.5 ಕೋಟಿಯ ತಾಮ್ರದ ತಂತಿ ಕೊಂಡು, ಕತ್ತರಿಸಿ ಸುತ್ತಿ, 10 ಕೋಟಿಗೆ ಮಾರುತ್ತದೆ, ಆರು ಜನ ಕೆಲಸ ಮಾಡುತ್ತಾರೆ. ಎರಡನೆಯ ಘಟಕ ಕೊರೆಯುವ ಕೂಲಿಯಾಗಿ ವರ್ಷಕ್ಕೆ 90 ಲಕ್ಷ ಪಡೆಯುತ್ತದೆ, ಅದರಲ್ಲಿ ಉಪಕರಣ, ಕೂಲಂಟ್, ವಿದ್ಯುತ್ತಿಗೆ 30 ಲಕ್ಷ ಖರ್ಚು, ಹದಿನೈದು ಜನರ ಕೆಲಸ. ವಹಿವಾಟಿನಲ್ಲಿ ಮೊದಲನೆಯದು ಹನ್ನೊಂದು ಪಟ್ಟು ದೊಡ್ಡದು. ಆದರೆ ಕೊಂಡ ವಸ್ತುವಿನ ಬೆಲೆ ಕಳೆದ ಮೇಲೆ ಉಳಿಯುವ ಮೌಲ್ಯವರ್ಧನೆ ಮೊದಲನೆಯದರಲ್ಲಿ ಹೆಚ್ಚೆಂದರೆ 50 ಲಕ್ಷ, ಎರಡನೆಯದರಲ್ಲಿ 60 ಲಕ್ಷ. ಸಂಬಳ, ಬಡ್ಡಿ, ಬಾಡಿಗೆ, ಲಾಭ ಎಲ್ಲವೂ ಹುಟ್ಟುವುದು ಈ ಉಳಿಕೆಯಿಂದ, ರಾಜ್ಯದ ಉತ್ಪನ್ನದ ಲೆಕ್ಕಕ್ಕೆ ಸೇರುವುದೂ ಇದೇ. ವಹಿವಾಟಿನ ಮೇಲೆ ಶೇಕಡಾವಾರು ಪ್ರೋತ್ಸಾಹಧನ ಕೊಟ್ಟರೆ ತಾಮ್ರದ ಬೆಲೆ ಏರಿದಾಗಲೂ ಮೊದಲನೆಯವರಿಗೆ ಹೆಚ್ಚು ಹಣ ಹೋಗುತ್ತದೆ.

ಇದರ ಜೊತೆಗೆ ಸಂಕೇತದ ತೊಡಕೊಂದಿದೆ. ಬೇರೆಯವರ ಮಾಲಿಗೆ ನೀವು ಮಾಡುವ ಕೆಲಸ ಜಿಎಸ್‌ಟಿಯಲ್ಲಿ 9988 ಎಂಬ ಸೇವೆಯ ಸಂಕೇತಕ್ಕೆ ಸೇರುತ್ತದೆ. ಅದೇ ಕೆಲಸ ಕೈಗಾರಿಕಾ ವರ್ಗೀಕರಣದಲ್ಲಿ 2592, ಅಂದರೆ ಲೋಹದ ಯಂತ್ರಗೆಲಸ, ತಯಾರಿಕೆಯ ಭಾಗ. ಆದ್ದರಿಂದ ಜಿಎಸ್‌ಟಿ ಅಂಕಿಯಿಂದ ತಯಾರಿಕೆಯನ್ನು ಮಾತ್ರ ಸೋಸಿ ತೆಗೆಯುವವರ ಜರಡಿಯಲ್ಲಿ ನಿಮ್ಮ ಶೆಡ್ ನಿಲ್ಲುವುದೇ ಇಲ್ಲ. ನಿಮ್ಮ ಮನವಿಯಲ್ಲಿ ಈ ಎರಡು ಸಂಕೇತಗಳನ್ನು ತಪ್ಪದೆ ನಮೂದಿಸಿ. ಪ್ರೋತ್ಸಾಹಧನದ ಆಧಾರ ವಹಿವಾಟಿನ ಬದಲು ಮೌಲ್ಯವರ್ಧನೆಯಾಗಲಿ, ಅಥವಾ ಸಂಬಳದ ಮೊತ್ತವಾಗಲಿ ಎಂದು ಕೇಳಿ.

ಉತ್ತರ 4: ಪಾಂಡವಪುರ ಆಲೆಮನೆ

ಲೇತು, ತಾಮ್ರದ ನಡುವೆ ಬೆಲ್ಲದ ಮಾತು ತರುತ್ತಿದ್ದೇನೆ, ಕ್ಷಮಿಸಿ. ಆದರೆ ಮಂಡ್ಯ ಜಿಲ್ಲೆಯ ಕೈಗಾರಿಕೆ ಎಂದಾಗ ಆಲೆಮನೆಯನ್ನು ಬಿಟ್ಟು ಮಾತಾಡುವುದು ನನಗೆ ಸರಿಕಾಣದು. ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಉತ್ಪನ್ನವೆಂದು ಆರಿಸಿರುವುದೂ ಬೆಲ್ಲವನ್ನೇ. ಈ ಯೋಜನೆಯ ಕೇಂದ್ರದ ನಿಯಮದಂತೆ ವೆಚ್ಚದ ಶೇ. 35ರಷ್ಟು, 10 ಲಕ್ಷ ರೂಪಾಯಿವರೆಗೆ ಸಬ್ಸಿಡಿ.

ನನ್ನ ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕದ ಕಂಬಕ್ಕೆ ಒಂದು ನೋಟ್‌ಪುಸ್ತಕವನ್ನು ದಾರ ಕಟ್ಟಿ ನೇತುಹಾಕಿದ್ದೇನೆ. ಹಬೆಗೆ ಹಾಳೆಗಳು ಉಬ್ಬಿ ಪುಸ್ತಕ ಎರಡರಷ್ಟು ದಪ್ಪವಾಗಿದೆ. ಪ್ರತಿದಿನ ಅರೆದ ಕಬ್ಬು ಎಷ್ಟು ಟನ್, ಇಳಿದ ಬೆಲ್ಲ ಎಷ್ಟು, ಒಲೆಗೆ ರಚ್ಚು (ಅರೆದುಳಿದ ಕಬ್ಬಿನ ಸಿಪ್ಪೆ) ಸಾಲದೆ ಕೊಂಡ ಸೌದೆ ಎಷ್ಟು, ಗಾಣ ನಿಂತ ದಿನ ಯಾವ ಕಾರಣಕ್ಕೆ ನಿಂತಿತು ಎಂದು ನಮ್ಮ ಅಪ್ಪನ ಕಾಲದಿಂದಲೂ ಬರೆಯುವ ಅಭ್ಯಾಸ. ಹತ್ತು ಟನ್ ಕಬ್ಬಿಗೆ ಒಂದು ಟನ್ನಿನ ಆಸುಪಾಸು ಬೆಲ್ಲ ಎಂಬುದು ಎಲ್ಲರಿಗೂ ಗೊತ್ತು. ಗಾಣ ನಿಂತ ದಿನಗಳ ಕಾರಣ ಮಾತ್ರ ನಾನೂ ಈಚೆಗೆ ಕೂಡಿಸಿ ನೋಡಿದಾಗಲೇ ತಿಳಿದದ್ದು. ಯಂತ್ರ ಕೆಟ್ಟು ನಿಂತದ್ದಕ್ಕಿಂತ ಪಾಕ ನೋಡುವ ಆಳು ಊರಿಗೆ ಹೋಗಿ ಬಾರದೆ ನಿಂತ ದಿನಗಳೇ ಹೆಚ್ಚು. ಸಬ್ಸಿಡಿ ಇರುವುದು ಯಂತ್ರಕ್ಕೆ, ನನ್ನ ಕೊರತೆ ಇರುವುದು ಪಾಕದ ಹದ ಬಲ್ಲ ಆಳಿಗೆ. ಇಂಥ ಇಪ್ಪತ್ತು ಪುಸ್ತಕ ಸಿಕ್ಕರೆ ತರಬೇತಿ ಕೊಡಬೇಕೋ ಯಂತ್ರ ಕೊಡಬೇಕೋ ಎಂಬುದು ಒಂದು ಮಧ್ಯಾಹ್ನದಲ್ಲಿ ತೀರ್ಮಾನವಾದೀತು.

ಇನ್ನೊಂದು ಮಾತು. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ದರ ಶೇ. 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ, ಅದೂ ಕಟಾವು, ಸಾಗಣೆ ಕಳೆಯುವ ಮೊದಲು. ಬೆಲ್ಲದ ದರ ಏರಿದರೆ ರೈತ ನಮ್ಮ ಕಡೆ ಬರುತ್ತಾನೆ, ಇಳಿದರೆ ಕಾರ್ಖಾನೆಯ ಕಡೆ ಹೋಗುತ್ತಾನೆ. ಕಬ್ಬು ಅದೇ, ಗದ್ದೆ ಅದೇ. ಅದು ಕಾರ್ಖಾನೆಗೆ ಹೋದ ವರ್ಷ ಜಿಲ್ಲೆಯ ಕೈಗಾರಿಕಾ ಉತ್ಪಾದನೆ ಏರಿತೆಂದು ಬರೆಯುತ್ತಾರೆ, ನಮ್ಮಲ್ಲಿಗೆ ಬಂದ ವರ್ಷ ಕುಸಿಯಿತೆಂದು ಬರೆಯುತ್ತಾರೆ. ಇದನ್ನು ಲೆಕ್ಕ ಬಲ್ಲವರು ಏನೆನ್ನುತ್ತಾರೆ?

ಮಾನಸಗಂಗೋತ್ರಿ ಸಂಶೋಧನಾರ್ಥಿ

ಪಾಂಡವಪುರದವರು ಹೇಳಿದ್ದು ಬಹಳ ಮುಖ್ಯವಾದ ಸಂಗತಿ. ಲೆಕ್ಕದ ಒಳಗಿರುವ ಕಡೆಗೆ ಲೆಕ್ಕದ ಹೊರಗಿನಿಂದ ಏನಾದರೂ ಸರಿದರೆ ಅದು ಬೆಳವಣಿಗೆಯ ವೇಷ ತೊಡುತ್ತದೆ. ವರ್ಗೀಕರಣದಲ್ಲಿ ಸಕ್ಕರೆಯೂ ಬೆಲ್ಲವೂ 1072 ಎಂಬ ಒಂದೇ ನಾಲ್ಕಂಕಿಯ ವರ್ಗದಲ್ಲಿವೆ, ಆದರೆ ಹತ್ತು ಜನರ ಮಿತಿಯ ಕೆಳಗಿನ ಅಥವಾ ನೋಂದಣಿಯಾಗದ ಆಲೆಮನೆ ವಾರ್ಷಿಕ ಸಮೀಕ್ಷೆಗೆ ಬರುವುದಿಲ್ಲ. ಕಬ್ಬು ಬೆಳೆದ ವಿಸ್ತೀರ್ಣವನ್ನು ಮೊದಲ ಸಾಲಿನಲ್ಲಿಟ್ಟು, ಅದರಲ್ಲಿ ಕಾರ್ಖಾನೆಗೆ ಹೋದದ್ದನ್ನು ಕಳೆದು, ಉಳಿದದ್ದು ಆಲೆಮನೆಗೂ ಬಿತ್ತನೆಗೂ ಹೋಯಿತೆಂದು ಅಂದಾಜು ಮಾಡುವುದು ಸದ್ಯಕ್ಕಿರುವ ದಾರಿ. ನಿಮ್ಮ ಪುಸ್ತಕದಂಥವು ಸಿಕ್ಕರೆ ಆ ಅಂದಾಜನ್ನು ಒರೆಗೆ ಹಚ್ಚಬಹುದು.

ತೂಬಿನಕೆರೆ ಶೆಡ್

ನಿನ್ನೆ ಸಂಘದ ಕಾರ್ಯಕಾರಿ ಸಭೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಅಧ್ಯಕ್ಷರಿಗೆ ಮೊದಲು ಇಷ್ಟವಾಗಲಿಲ್ಲ. ನೆರವು ಕೇಳಲು ಹೋಗುವವರು ನೆರವಿನಿಂದ ಇಷ್ಟೇ ಆಯಿತೆಂದು ನಾವೇ ಬರೆದುಕೊಡುವುದೇ ಎಂದರು. ಅವರ ಅಂಜಿಕೆ ಸುಳ್ಳೆಂದು ನಾನು ಹೇಳಲಾರೆ. ಆದರೆ ಜಾಬ್‌ವರ್ಕಿನ ಎರಡು ಸಂಕೇತಗಳ ವಿಷಯ ಬಂದಾಗ ಅವರೇ ಪೆನ್ನು ತೆಗೆದರು.

ಒಪ್ಪಿದ ಸದಸ್ಯರಿಂದ ಒಂದು ಹಾಳೆ ತುಂಬಿಸಲು ತೀರ್ಮಾನಿಸಿದ್ದೇವೆ. ನಿವೇಶನ ಸಂಖ್ಯೆ, ಆರ್‌ಆರ್ ನಂಬರು, ಸಬ್ಸಿಡಿಗೆ ಅರ್ಜಿ ಹಾಕಿದ ತಿಂಗಳು, ಹಣ ಬಂದ ತಿಂಗಳು ಅಥವಾ ಇನ್ನೂ ಬಂದಿಲ್ಲ ಎಂಬುದು, ಆ ಎರಡೂ ತಿಂಗಳಲ್ಲಿ ಗೇಟಿನ ಒಳಗಿದ್ದ ಜನ, ಗುತ್ತಿಗೆಯವರೂ ಸೇರಿ. ಕಡೆಯ ಅಂಕಣದಲ್ಲಿ, ಸಬ್ಸಿಡಿ ಇಲ್ಲದಿದ್ದರೆ ಯಂತ್ರ ಹಾಕುತ್ತಿದ್ದಿರಾ ಎಂಬ ಪ್ರಶ್ನೆ. ಆ ಅಂಕಣಕ್ಕೆ ಹೆಸರು ಬರೆಯಬೇಕಾಗಿಲ್ಲ, ಬೇರೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದರೆ ಸಾಕು. ಘಟಕವಾರು ವಿವರ ಸಂಘದಲ್ಲೇ ಉಳಿಯುತ್ತದೆ, ಸಭೆಗೆ ಮೊತ್ತ ಮಾತ್ರ ಹೋಗುತ್ತದೆ.

ಪಾಂಡವಪುರದವರು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಪುಸ್ತಕ ತಂದರೆ ಮಾನಸಗಂಗೋತ್ರಿಯ ಮೇಡಂ ಅದನ್ನು ನೋಡಲು ಬರುತ್ತೇನೆಂದು ಒಪ್ಪಿದ್ದಾರೆ. ನಮ್ಮ ಸದಸ್ಯರು 2023ರ ಏಪ್ರಿಲ್‌ನಿಂದ ಈಚಿನ ವಿದ್ಯುತ್ ಬಿಲ್ಲುಗಳನ್ನು ಜೋಡಿಸಿ ತರಬೇಕು. ಬಿಲ್ಲು ಕಳೆದುಕೊಂಡವರು ಆರ್‌ಆರ್ ನಂಬರು ಬರೆದುಕೊಂಡು ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ. ನನ್ನವು ಎರಡು ಕಳೆದಿವೆ, ಸೋಮವಾರ ನಾನೂ ಹೋಗುವವನಿದ್ದೇನೆ.